ಆಕ್ಸೆಸ್ ಬಿಲ್‌ನಲ್ಲಿ ಗೆರೆ ಕೂಡುತ್ತಿಲ್ಲ, ಒತ್ತಕ್ಷರ ಕತ್ತರಿಸಿ ಹೋಗುತ್ತಿದೆ. ಬಾಕ್ಸ್‌ಗಳನ್ನು ನೇರವಾಗಿ ಕೂರಿಸೋದು ಹೇಗೆ?

ಅಡಿಕೆ_ಲೆಕ್ಕ, ಸಾಗರ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರೈತರಿಗೆ ಕೊಡುವ ಪಟ್ಟಿಯನ್ನು ಮೊದಲು ಕೈಯಲ್ಲೇ ಬರೆಯುತ್ತಿದ್ದೆವು. ಈಗ ಮೈಕ್ರೋಸಾಫ್ಟ್ ಆಕ್ಸೆಸ್ 2016 ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿ ಮಾಡಿಕೊಂಡಿದ್ದೇನೆ. ಹೆಸರು, ಊರು, ಅಡಿಕೆಯ ಬಗೆ, ಚೀಲ, ತೂಕ, ಕ್ವಿಂಟಲ್ ದರ, ಮೊತ್ತ ಇಷ್ಟೇ. ಕೂಡುವುದು, ಮುಂಗಡ ಕಳೆಯುವುದು ಎಲ್ಲ ಸರಿಯಾಗಿ ಬರುತ್ತಿದೆ. ತೊಂದರೆ ಇರುವುದು ನೋಟದಲ್ಲಿ.

ಮೊದಲು ಫಾರ್ಮ್, ಅಂದರೆ ವಿವರ ತುಂಬುವ ಪರದೆಯ ವಿಷಯ. ಬಾಕ್ಸ್‌ಗಳನ್ನು ಮೌಸ್‌ನಿಂದ ಎಳೆದು ಸಾಲಾಗಿ ಇಡುತ್ತೇನೆ. ಡಿಸೈನ್‌ನಲ್ಲಿ ನೇರವಾಗಿ ಕಾಣುತ್ತದೆ. ತೆರೆದು ನೋಡಿದರೆ ಒಂದು ಕೂದಲೆಳೆಯಷ್ಟು ಆಚೆ, ಒಂದು ಈಚೆ. ಎಲ್ಲವನ್ನೂ ಆರಿಸಿ ಅಲೈನ್ ಲೆಫ್ಟ್ ಒತ್ತಿದರೆ ಲೇಬಲ್ಲು, ಬಾಕ್ಸು ಎಲ್ಲ ಎಡಕ್ಕೆ ಹೋಗಿ ಒಂದರ ಮೇಲೊಂದು ಬೀಳುತ್ತವೆ.

ಪ್ರಿಂಟ್ ತೆಗೆಯುವ ರಿಪೋರ್ಟ್‌ನಲ್ಲಿ ತೊಂದರೆ ಇನ್ನೂ ಜಾಸ್ತಿ. ಅಡಿಕೆ ಬಗೆಯ ಜಾಗದಲ್ಲಿ ‘ಸಿಪ್ಪೆಗೋಟು, ಎರಡನೇ ಕೊಯ್ಲು, ಸ್ವಲ್ಪ ಹಸಿ’ ಅಂತ ಉದ್ದ ಬರೆದರೆ ಆ ಬಾಕ್ಸ್ ಎರಡು ಸಾಲಾಗಿ ಬೆಳೆಯುತ್ತದೆ. ಪಕ್ಕದ ತೂಕ, ದರದ ಬಾಕ್ಸ್‌ಗಳು ಒಂದೇ ಸಾಲಿನಷ್ಟು ಉಳಿಯುತ್ತವೆ. ಗೆರೆಗಳು ಮೆಟ್ಟಿಲಿನ ಆಕಾರಕ್ಕೆ ಬಂದುಬಿಡುತ್ತವೆ. ‘ಬೆಟ್ಟೆ’ ಅಂತ ಬರೆದರೆ ಟ ಒತ್ತಿನ ಕೆಳಭಾಗವೇ ಇರುವುದಿಲ್ಲ. ‘ಲಕ್ಷ್ಮೀನಾರಾಯಣ’ ಅಂತ ಹೆಸರಿದ್ದರೆ ಮ ಒತ್ತು ಪೂರ್ತಿ ಮಾಯ. ಅದರ ಮೇಲೆ ಪ್ರತಿ ಪುಟಕ್ಕೂ ಒಂದು ಖಾಲಿ ಹಾಳೆ ಹೊರಗೆ ಬರುತ್ತದೆ.

ಪಟ್ಟಿ ಕೈಗೆ ತೆಗೆದುಕೊಂಡ ತಕ್ಷಣ ರೈತರು ಮೊದಲು ನೋಡುವುದು ತಮ್ಮ ಹೆಸರು, ಆಮೇಲೆ ತೂಕ. ಹೆಸರೇ ಅರ್ಧ ಕತ್ತರಿಸಿದ್ದರೆ ನನಗೆ ಕೊಡಲು ಮನಸ್ಸು ಬರುವುದಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಕರಾವಳಿ_ಕೋಡ್

ಖಾಲಿ ಹಾಳೆಯದು ಸುಲಭ, ಅದನ್ನು ಮೊದಲು ಮುಗಿಸಿಬಿಡೋಣ. ರಿಪೋರ್ಟ್‌ನ ಅಗಲ, ಎಡ ಮಾರ್ಜಿನ್, ಬಲ ಮಾರ್ಜಿನ್ ಮೂರೂ ಸೇರಿ ಕಾಗದದ ಅಗಲ ಮೀರಬಾರದು. ಎ4 ಹಾಳೆ 21 ಸೆಂ.ಮೀ. ಎರಡೂ ಕಡೆ 1.5 ಬಿಟ್ಟರೆ ನಿಮಗೆ ಸಿಗುವುದು 18. ರಿಪೋರ್ಟ್ ಪ್ರಾಪರ್ಟಿಯಲ್ಲಿ ವಿಡ್ತ್ ಎಷ್ಟಿದೆ ನೋಡಿ. ಒಂದು ಬಾಕ್ಸನ್ನು ಬಲಕ್ಕೆ ಎಳೆದಾಗ ಆಕ್ಸೆಸ್ ರಿಪೋರ್ಟನ್ನು ತಾನೇ ಅಗಲ ಮಾಡಿಕೊಳ್ಳುತ್ತದೆ. ಬಾಕ್ಸನ್ನು ವಾಪಸ್ ತಂದರೂ ಅಗಲ ಮಾತ್ರ ಹಾಗೇ ಉಳಿಯುತ್ತದೆ. ವಿಡ್ತ್‌ನಲ್ಲಿ ಚಿಕ್ಕ ಅಂಕಿ ಹಾಕಿದರೂ ಅದು ಕೇಳದಿದ್ದರೆ ಬಲತುದಿಯಲ್ಲಿ ಯಾವುದೋ ಗೆರೆಯೋ ಖಾಲಿ ಲೇಬಲ್ಲೋ ಕೂತಿರುತ್ತದೆ. ಮೇಲಿನ ರೂಲರ್‌ನಲ್ಲಿ ಆ ಜಾಗಕ್ಕೆ ಕ್ಲಿಕ್ ಮಾಡಿ, ಅದರ ನೇರಕ್ಕೆ ಇರುವುದೆಲ್ಲ ಸೆಲೆಕ್ಟ್ ಆಗುತ್ತದೆ. ಬೇಡದ್ದನ್ನು ಅಳಿಸಿ.

ಗೆರೆ ಮತ್ತು ಒತ್ತಕ್ಷರದ ಬಗ್ಗೆ ದಾವಣಗೆರೆ ಮೇಡಂ ಹೇಳಿದರೆ ಒಳ್ಳೆಯದು. ಅವರು ಇದನ್ನೇ ದಿನಾ ಮಾಡುತ್ತಾರೆ.

ದಾವಣಗೆರೆ_ಡೇಟಾ

ನಮಸ್ಕಾರ. ನಾನು ಅಕ್ಕಿ ಗಿರಣಿ, ಶಾಲೆ, ಸಣ್ಣ ಸೊಸೈಟಿಗಳಿಗೆ ಆಕ್ಸೆಸ್‌ನಲ್ಲಿ ಬಿಲ್ಲು, ರಸೀದಿ ಮಾಡಿಕೊಡುತ್ತೇನೆ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಲೆಕ್ಕ ಸರಿ ಬಂದರೆ ಸಾಕು ಅಂತ ಬಿಡುವವರೇ ಜಾಸ್ತಿ. ವರ್ಷದ ದುಡಿಮೆಯ ಲೆಕ್ಕ ಆ ಒಂದು ಹಾಳೆಯಲ್ಲಿ ಇರುತ್ತದೆ. ಅದನ್ನು ಕಣ್ಣಿಗೆ ಕಷ್ಟ ಆಗದ ಹಾಗೆ ಕೊಡುವುದೂ ಲೆಕ್ಕದ ಕೆಲಸವೇ.

ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ: ಮೌಸ್ ಬಿಡಿ, ಅಂಕಿ ಹಿಡಿಯಿರಿ. ಗಾರೆಯವರು ಕಲ್ಲು ಇಡುವ ಮೊದಲು ನೂಲು ಕಟ್ಟುತ್ತಾರಲ್ವಾ, ನೀವೂ ಮೊದಲು ನೂಲು ಎಲ್ಲೆಲ್ಲಿ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಬಾಕ್ಸ್ ಇಡುವುದು ಆಮೇಲೆ.

ಫಾರ್ಮ್‌ಗೆ ಎರಡು ನೂಲು ಸಾಕು. ಲೇಬಲ್‌ಗಳಿಗೆ ಒಂದು, ಟೆಕ್ಸ್ಟ್ ಬಾಕ್ಸ್‌ಗಳಿಗೆ ಒಂದು. ನೀವು ಎರಡನ್ನೂ ಒಟ್ಟಿಗೆ ಆರಿಸಿ ಅಲೈನ್ ಲೆಫ್ಟ್ ಕೊಟ್ಟಿದ್ದೀರಿ. ಆರಿಸಿದ ಗುಂಪಿನಲ್ಲಿ ತೀರಾ ಎಡಕ್ಕೆ ಯಾವುದಿದೆಯೋ ಅದರ ನೇರಕ್ಕೆ ಆಕ್ಸೆಸ್ ಎಲ್ಲವನ್ನೂ ತರುತ್ತದೆ. ಲೇಬಲ್ ಎಡಕ್ಕೆ ಇತ್ತು, ಎಲ್ಲ ಅದರ ಮೇಲೆ ಬಿದ್ದವು. ಹಾಗಾಗಿ ಲೇಬಲ್‌ಗಳನ್ನು ಬೇರೆ, ಬಾಕ್ಸ್‌ಗಳನ್ನು ಬೇರೆ ಆರಿಸಬೇಕು. ಶಿಫ್ಟ್ ಒತ್ತಿ ಒಂದೊಂದೇ ಕ್ಲಿಕ್ ಮಾಡಬಹುದು. ಮೇಲಿನ ರೂಲರ್‌ನಲ್ಲಿ ಕ್ಲಿಕ್ ಮಾಡುವುದು ಬೇಗ.

ಆರಿಸಿದ ಮೇಲೆ ನಾನು ಅಲೈನ್ ಬಟನ್ ಒತ್ತುವುದಿಲ್ಲ. ಎಫ್4 ಒತ್ತಿ ಪ್ರಾಪರ್ಟಿ ಶೀಟ್ ತೆರೆದು ಲೆಫ್ಟ್ ಎದುರು ಒಂದು ಅಂಕಿ ಬರೆಯುತ್ತೇನೆ. ಆರಿಸಿದ ಎಲ್ಲಕ್ಕೂ ಅದೇ ಅಂಕಿ ಹೋಗುತ್ತದೆ. ವಿಡ್ತ್, ಹೈಟ್ ಕೂಡ ಹಾಗೇ. ಮೇಲಿಂದ ಕೆಳಗೆ ಸಮ ಅಂತರ ಬೇಕಾದರೆ ಮಾತ್ರ ಅರೇಂಜ್ ಟ್ಯಾಬ್‌ನ ಸೈಜ್/ಸ್ಪೇಸ್‌ನಲ್ಲಿ ಈಕ್ವಲ್ ವರ್ಟಿಕಲ್ ಕೊಡಿ. ಅದು ಚೆನ್ನಾಗಿ ಕೆಲಸ ಮಾಡುತ್ತದೆ.

‘ಡಿಸೈನ್‌ನಲ್ಲಿ ನೇರ, ತೆರೆದರೆ ಕೂದಲೆಳೆ ವ್ಯತ್ಯಾಸ’ ಅಂದಿರಲ್ಲ, ಅದಕ್ಕೆ ಕಾರಣ ಇದೆ. ಆಕ್ಸೆಸ್ ಒಳಗೆ ಅಳತೆ ಇಡುವುದು ಟ್ವಿಪ್‌ನಲ್ಲಿ. ಒಂದು ಇಂಚಿಗೆ 1440 ಟ್ವಿಪ್, ಒಂದು ಸೆಂ.ಮೀ.ಗೆ 567. ಪರದೆ ತೋರಿಸುವುದು ಪಿಕ್ಸೆಲ್‌ನಲ್ಲಿ. ವಿಂಡೋಸ್ ಸ್ಕೇಲಿಂಗ್ 100 ಪರ್ಸೆಂಟ್ ಇದ್ದಾಗ ಒಂದು ಪಿಕ್ಸೆಲ್ ಅಂದರೆ 15 ಟ್ವಿಪ್. 125 ಪರ್ಸೆಂಟ್ ಇದ್ದರೆ 12, 150 ಇದ್ದರೆ 10. ಎರಡು ಬಾಕ್ಸ್‌ಗಳ ನಡುವೆ ಏಳೆಂಟು ಟ್ವಿಪ್ ವ್ಯತ್ಯಾಸ ಇದ್ದರೆ ಒಂದು ಪರದೆಯಲ್ಲಿ ಅದು ಕಾಣುವುದೇ ಇಲ್ಲ, ಇನ್ನೊಂದರಲ್ಲಿ ಒಂದು ಪಿಕ್ಸೆಲ್ ಆಚೆ ಹೋಗುತ್ತದೆ. 60 ಅನ್ನುವುದು 15, 12, 10 ಮೂರರಿಂದಲೂ ಭಾಗವಾಗುತ್ತದೆ ನೋಡಿ. ಇಂಚಿಗೆ 24 ಚುಕ್ಕಿಯ ಗ್ರಿಡ್ ಇಟ್ಟರೆ ಒಂದು ಮನೆ ಸರಿಯಾಗಿ 60 ಟ್ವಿಪ್. ಅದಕ್ಕೇ ಫಾರ್ಮ್ ಮಾಡುವಾಗ ನಾನು ಇಂಚನ್ನೇ ಇಟ್ಟುಕೊಳ್ಳುತ್ತೇನೆ, ಗ್ರಿಡ್ ಎಕ್ಸ್, ಗ್ರಿಡ್ ವೈ ಎರಡೂ 24. ನಿಮ್ಮ ವಿಂಡೋಸ್ ಸೆಂ.ಮೀ. ತೋರಿಸುತ್ತಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ರೀಜನ್ ಒಳಗೆ ಮೆಷರ್‌ಮೆಂಟ್ ಸಿಸ್ಟಮ್ ಬದಲಾಯಿಸಬಹುದು.

ರಿಪೋರ್ಟ್‌ಗೆ ಮಾತ್ರ ಸೆಂ.ಮೀ. ಒಳ್ಳೆಯದು. ಕಾಗದ ಎ4, ಕೈಯಲ್ಲಿ ಸ್ಕೇಲ್ ಹಿಡಿದು ಅಳೆಯಬಹುದು. ಪದೇ ಪದೇ ಸೆಟ್ಟಿಂಗ್ ಬದಲಾಯಿಸುವುದು ಬೇಡ ಅನಿಸಿದರೆ ಪ್ರಾಪರ್ಟಿ ಶೀಟ್‌ನಲ್ಲಿ ಅಂಕಿಯ ನಂತರ ಸಿಎಂ (cm) ಅಥವಾ ಐಎನ್ (in) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಆಕ್ಸೆಸ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.

ನಿಮ್ಮ ಪಟ್ಟಿಗೆ ನಾನಾದರೆ ಹೀಗೆ ನೂಲು ಹಿಡಿಯುತ್ತಿದ್ದೆ. ಕ್ರಮಸಂಖ್ಯೆ 0ಯಿಂದ, ಅಡಿಕೆ ಬಗೆ 1.2ರಿಂದ, ಚೀಲ 6.5, ತೂಕ 8.5, ದರ 11.3, ಮೊತ್ತ 14.3, ಕೊನೆ 17.9. ಬಗೆಗೆ ಐದು ಸೆಂ.ಮೀ.ಗಿಂತ ಜಾಸ್ತಿ ಸಿಕ್ಕಿತು, ಬೆಟ್ಟೆ, ರಾಶಿ, ಗೊರಬಲು ಎಲ್ಲ ಒಂದೇ ಸಾಲಿನಲ್ಲಿ ಕೂರುತ್ತವೆ. ಪೇಜ್ ಹೆಡರ್‌ನಲ್ಲಿರುವ ತಲೆಬರಹಕ್ಕೂ ಸಾಲುಗಳು ಬರುವ ಡೀಟೇಲ್‌ನಲ್ಲಿರುವ ಬಾಕ್ಸ್‌ಗೂ ಲೆಫ್ಟ್, ವಿಡ್ತ್ ಒಂದೇ ಕೊಡಿ. ತೂಕ, ದರ, ಮೊತ್ತ ಮೂರನ್ನೂ ಬಲಕ್ಕೆ ಒತ್ತಿಸಿ, ತಲೆಬರಹವನ್ನೂ ಬಲಕ್ಕೇ. ದಶಮಾಂಶದ ಮನೆ ಎಲ್ಲ ಸಾಲಿನಲ್ಲೂ ಒಂದೇ ಇರಲಿ, ಆಗ ಚುಕ್ಕಿಯ ಕೆಳಗೆ ಚುಕ್ಕಿ ಬರುತ್ತದೆ. ಅಂಕಿ ಗೆರೆಗೆ ತಾಗದ ಹಾಗೆ ರೈಟ್ ಮಾರ್ಜಿನ್ 0.1 ಸೆಂ.ಮೀ. ಕೊಡಿ.

ಈಗ ಒತ್ತಕ್ಷರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕನ್ನಡದಲ್ಲಿ ಬಿಲ್ ಮಾಡುವ ಎಲ್ಲರಿಗೂ ಇದು ಬರುತ್ತದೆ.

ಅಲೈನ್ ಟಾಪ್ ಅಂದರೆ ಬಾಕ್ಸ್‌ಗಳ ಮೇಲಂಚು ಒಂದೇ ನೇರಕ್ಕೆ ಬರುತ್ತದೆ, ಅಷ್ಟೇ. ಒಳಗಿರುವ ಅಕ್ಷರ ಎಲ್ಲಿ ಕೂತಿದೆ ಅಂತ ಆಕ್ಸೆಸ್ ನೋಡುವುದಿಲ್ಲ. ನಿಮ್ಮ ಬಾಕ್ಸ್‌ನ ಫಾಂಟ್ ಕ್ಯಾಲಿಬ್ರಿ ಇರಬೇಕು, ಆಕ್ಸೆಸ್ 2016ರಲ್ಲಿ ಮೊದಲಿಗೆ ಬರುವುದು ಅದೇ. ಕ್ಯಾಲಿಬ್ರಿಯಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ವಿಂಡೋಸ್ ಬೇರೆ ಫಾಂಟ್‌ನಿಂದ ಅಕ್ಷರ ತಂದು ತೋರಿಸುತ್ತದೆ, ಆದರೆ ಬಾಕ್ಸ್‌ನ ಎತ್ತರ ಕ್ಯಾಲಿಬ್ರಿಯ ಇಂಗ್ಲಿಷ್ ಸಾಲಿಗೆ ತಕ್ಕಷ್ಟೇ ಇರುತ್ತದೆ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವುದು ಒಂದು ಸಣ್ಣ ಬಾಲ. ನಮ್ಮಲ್ಲಿ ಪೂರ್ತಿ ಒಂದು ಅಕ್ಷರವೇ ಇಳಿಯುತ್ತದೆ. ‘ಲಕ್ಷ್ಮೀ’ಯಲ್ಲಿ ಕ ಕೆಳಗೆ ಷ, ಅದರ ಜೊತೆ ಮ. ‘ರಾಷ್ಟ್ರ’ದಲ್ಲೂ ಎರಡು ಒತ್ತು. ಮೇಲುಗಡೆ ಗುಣಿತದ ಗುಡಿಸು ಬೇರೆ. ಅದಕ್ಕೆ ಜಾಗ ಇಲ್ಲದೆ ಕತ್ತರಿಸಿ ಹೋಗುತ್ತದೆ.

ಹೀಗೆ ಮಾಡಿ. ಕನ್ನಡ ಬರುವ ಎಲ್ಲ ಲೇಬಲ್, ಬಾಕ್ಸ್‌ಗಳ ಫಾಂಟನ್ನು ನೀವೇ ಕೊಡಿ. ನಿರ್ಮಲಾ ಯುಐ ಆಗಲಿ, ತುಂಗಾ ಆಗಲಿ, ಯಾವುದಾದರೂ ಒಂದು. ಒಂದು ಬಾಕ್ಸ್‌ನಲ್ಲಿ ‘ಲಕ್ಷ್ಮೀ ರಾಷ್ಟ್ರ ಬೆಟ್ಟೆ’ ಅಂತ ಬರುವ ಹಾಗೆ ಮಾಡಿ ಪ್ರಿಂಟ್ ಪ್ರಿವ್ಯೂನಲ್ಲಿ ದೊಡ್ಡದು ಮಾಡಿ ನೋಡಿ. ಒತ್ತು ಪೂರ್ತಿ ಕಾಣುವವರೆಗೆ ಹೈಟ್ ಏರಿಸಿ. ಆ ಅಂಕಿಯನ್ನು ಬರೆದಿಟ್ಟುಕೊಂಡು ಆ ಸಾಲಿನ ಎಲ್ಲ ಬಾಕ್ಸ್‌ಗೂ ಅದೇ ಕೊಡಿ, ಅಂಕಿ ಬರುವ ಬಾಕ್ಸ್‌ಗೂ. ಅಂಕಿಗಳಿಗೂ ಅದೇ ಫಾಂಟ್, ಅದೇ ಅಳತೆ ಇರಲಿ. ಆಗ ಅಕ್ಷರಗಳು ತಾವೇ ಒಂದೇ ಸಾಲಿನಲ್ಲಿ ಕೂರುತ್ತವೆ.

ಅಂಕಿ ಕ್ಯಾಲಿಬ್ರಿಯಲ್ಲೇ ಬೇಕು ಅಂದರೆ ಅದು ಸ್ವಲ್ಪ ಮೇಲೆ ಕೂತ ಹಾಗೆ ಕಾಣುತ್ತದೆ. ಆಕ್ಸೆಸ್ ಟೆಕ್ಸ್ಟ್ ಬಾಕ್ಸ್‌ನಲ್ಲಿ ಅಕ್ಷರವನ್ನು ಎತ್ತರದ ಮಧ್ಯಕ್ಕೆ ತರುವ ಪ್ರಾಪರ್ಟಿ ಇಲ್ಲ. ಟಾಪ್ ಮಾರ್ಜಿನ್ ಒಂದೇ ದಾರಿ. 0.05 ಸೆಂ.ಮೀ. ಕೊಟ್ಟು ನೋಡಿ, ಸಾಲದಿದ್ದರೆ ಏರಿಸುತ್ತಾ ಹೋಗಿ. ಬಾಕ್ಸನ್ನೇ ಕೆಳಗೆ ಸರಿಸಬೇಡಿ, ನೂಲು ತಪ್ಪುತ್ತದೆ.

ಕೊನೆಗೆ ಮೆಟ್ಟಿಲಿನ ಗೆರೆ. ಕ್ಯಾನ್ ಗ್ರೋ ಕೊಟ್ಟ ಬಾಕ್ಸ್ ತಾನೊಂದೇ ಬೆಳೆಯುತ್ತದೆ. ಪಕ್ಕದವು ಬೆಳೆಯುವುದಿಲ್ಲ, ನೀವು ಎಳೆದಿಟ್ಟ ಲೈನ್ ಕೂಡ ಬೆಳೆಯುವುದಿಲ್ಲ. ಹಾಗಾಗಿ ಬಾಕ್ಸ್‌ಗಳ ಬಾರ್ಡರನ್ನು ಟ್ರಾನ್ಸ್‌ಪರೆಂಟ್ ಮಾಡಿ, ಗೆರೆಯನ್ನು ಕೋಡ್‌ನಿಂದ ಎಳೆಯಬೇಕು. ಡೀಟೇಲ್ ಸೆಕ್ಷನ್‌ನ ಆನ್ ಪ್ರಿಂಟ್ ಈವೆಂಟ್‌ನಲ್ಲಿ ರಿಪೋರ್ಟ್‌ನ ಲೈನ್ ಮೆಥಡ್ ಬಳಸಿ. ಶುರುವಿನ ಬಿಂದು: ದರದ ಬಾಕ್ಸ್‌ನ ಲೆಫ್ಟ್, ಮೇಲಿಂದ ಸೊನ್ನೆ. ಮುಗಿಯುವ ಬಿಂದು: ಅದೇ ಲೆಫ್ಟ್, ಕೆಳಕ್ಕೆ 31680. ಇದು 22 ಇಂಚಿನ ಟ್ವಿಪ್ ಲೆಕ್ಕ. ಅಷ್ಟು ಉದ್ದ ಯಾಕೆ ಅಂದರೆ, ಸೆಕ್ಷನ್ ಎಷ್ಟು ಬೆಳೆದಿದೆಯೋ ಅಷ್ಟಕ್ಕೇ ಗೆರೆ ನಿಲ್ಲುತ್ತದೆ. ಸಾಲು ಒಂದಾದರೂ ಮೂರಾದರೂ ಗೆರೆ ಪೂರ್ತಿ ಇಳಿಯುತ್ತದೆ. ಹೀಗೆ ಪ್ರತಿ ಕಾಲಂಗೂ ಒಂದು. ಅಂಕಿಯನ್ನು ಕೋಡ್‌ನಲ್ಲಿ ಬರೆಯದೆ ಬಾಕ್ಸ್‌ನ ಲೆಫ್ಟನ್ನೇ ಬಳಸಿ, ನಾಳೆ ಬಾಕ್ಸ್ ಸರಿಸಿದರೆ ಗೆರೆಯೂ ಜೊತೆಗೇ ಸರಿಯುತ್ತದೆ. ಅಡ್ಡಗೆರೆಯನ್ನು ಪ್ರತಿ ಸಾಲಿನ ಮೇಲ್ಗಡೆ, ಸೊನ್ನೆಯಲ್ಲಿ ಎಳೆಯಿರಿ. ಆಗ ಎತ್ತರದ ಲೆಕ್ಕವೇ ಬೇಡ. ಕೊನೆಯ ಸಾಲಿನ ಕೆಳಗೆ ಬೇಕಾದ ಗೆರೆಯನ್ನು ಒಟ್ಟು ಮೊತ್ತ ಬರುವ ಫೂಟರ್‌ನ ತಲೆಯಲ್ಲಿ ಮಾಮೂಲಿ ಲೈನ್ ಆಗಿ ಇಟ್ಟುಬಿಡಿ.

ಬಲತುದಿಯ ಗೆರೆ ಸರಿಯಾಗಿ 17.9ಕ್ಕೇ ಬಿದ್ದರೆ ಕಾಣದೆ ಹೋಗಬಹುದು. ಒಂದು 20 ಟ್ವಿಪ್ ಒಳಗೆ ತನ್ನಿ.

ಅಡಿಕೆ_ಲೆಕ್ಕ, ಸಾಗರ

ಮೇಡಂ, ತುಂಬಾ ಉಪಕಾರ ಆಯಿತು. ಖಾಲಿ ಹಾಳೆ ನಿಂತಿದೆ. ಫಾರ್ಮ್ ಈಗ ನೇರವಾಗಿದೆ. ತುಂಗಾ ಫಾಂಟ್ ಕೊಟ್ಟು ಹೈಟ್ ಏರಿಸಿದೆ, ಲಕ್ಷ್ಮೀನಾರಾಯಣ ಪೂರ್ತಿ ಬಂತು. ನೋಡಿ ಸಮಾಧಾನ ಆಯಿತು.

ಎರಡು ವಿಷಯ ಉಳಿದಿವೆ. ಕೋಡ್ ಬರೆದೆ, ತಪ್ಪು ಅಂತ ಏನೂ ತೋರಿಸುತ್ತಿಲ್ಲ, ಆದರೆ ರಿಪೋರ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಒಂದು ಗೆರೆಯೂ ಇಲ್ಲ. ಇನ್ನೊಂದು, ಮುಂದಿನ ಕೌಂಟರ್‌ನಲ್ಲಿ ಇನ್ನೊಂದು ಕಂಪ್ಯೂಟರ್ ಇದೆ, ವಿಂಡೋಸ್ 10. ಅದೇ ಫೈಲ್ ಅಲ್ಲಿ ತೆರೆದರೆ ಅಕ್ಷರದ ಆಕಾರವೇ ಬೇರೆ, ಉದ್ದದ ಹೆಸರು ಎರಡನೇ ಸಾಲಿಗೆ ಇಳಿಯುತ್ತದೆ.

ಮಲೆನಾಡ_ಮಳೆ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ಥರದ ಪ್ರಶ್ನೆ. ವಿಳಾಸದಲ್ಲಿ ಮನೆ ಹೆಸರು, ಊರು, ಅಂಚೆ, ತಾಲೂಕು ಅಂತ ಬೇರೆ ಬೇರೆ ಬಾಕ್ಸ್ ಇಟ್ಟಿದ್ದೇನೆ. ಕೆಲವರಿಗೆ ಅಂಚೆ ಇರುವುದಿಲ್ಲ. ಕ್ಯಾನ್ ಶ್ರಿಂಕ್ (ಖಾಲಿ ಬಾಕ್ಸ್ ಮುಚ್ಚಿಕೊಳ್ಳುವ ಪ್ರಾಪರ್ಟಿ) ಕೊಟ್ಟರೂ ಆ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಪಕ್ಕದಲ್ಲಿ ಬಿಲ್ ನಂಬರ್, ತಾರೀಖಿನ ಬಾಕ್ಸ್‌ಗಳಿವೆ.

ಕರಾವಳಿ_ಕೋಡ್

ಆ ಪಕ್ಕದ ಬಾಕ್ಸ್‌ಗಳೇ ಕಾರಣ. ಅದೇ ಎತ್ತರದಲ್ಲಿ ಇನ್ನೊಂದು ಕಂಟ್ರೋಲ್ ಇದ್ದರೆ ಆ ಜಾಗ ಮುಚ್ಚಿಕೊಳ್ಳುವುದಿಲ್ಲ. ಲೇಬಲ್ ಇದ್ದರೂ ಅಷ್ಟೇ. ವಿಳಾಸ ಪೂರ್ತಿಯನ್ನು ಒಂದೇ ಬಾಕ್ಸ್‌ಗೆ ತನ್ನಿ. ಪ್ರತಿ ಭಾಗವನ್ನೂ ಅದರ ಹೊಸ ಸಾಲಿನ ಗುರುತಿನ ಜೊತೆ ಪ್ಲಸ್ ಚಿಹ್ನೆಯಿಂದ ಸೇರಿಸಿ ಆವರಣದಲ್ಲಿ ಹಾಕಿ, ಆವರಣಗಳನ್ನು ಮಾತ್ರ ಆ್ಯಂಪರ್‌ಸ್ಯಾಂಡ್‌ನಿಂದ ಜೋಡಿಸಿ. ಪ್ಲಸ್‌ನ ಒಂದು ಕಡೆ ನಲ್, ಅಂದರೆ ಏನೂ ತುಂಬದ ಜಾಗ, ಇದ್ದರೆ ಆ ಆವರಣ ಪೂರ್ತಿ ನಲ್ ಆಗುತ್ತದೆ, ಹೊಸ ಸಾಲೂ ಬರುವುದಿಲ್ಲ. ಅಂಚೆ ಇಲ್ಲದವರಿಗೆ ಊರಿನ ಕೆಳಗೆ ನೇರವಾಗಿ ತಾಲೂಕು ಬಂದು ಕೂರುತ್ತದೆ. ಒಂದೇ ಎಚ್ಚರಿಕೆ, ಆ ಜಾಗ ನಿಜಕ್ಕೂ ನಲ್ ಇರಬೇಕು. ಯಾರಾದರೂ ಖಾಲಿ ಸ್ಟ್ರಿಂಗ್, ಅಂದರೆ ಅಕ್ಷರವೇ ಇಲ್ಲದ ಪಠ್ಯ, ಉಳಿಸಿದ್ದರೆ ಇದು ಕೆಲಸ ಮಾಡುವುದಿಲ್ಲ.

ದಾವಣಗೆರೆ_ಡೇಟಾ

ಅಡಿಕೆ ಲೆಕ್ಕದವರೇ, ನಿಮ್ಮ ಕೋಡ್ ಸರಿಯಾಗಿಯೇ ಇರಬೇಕು. ನೀವು ನೋಡುತ್ತಿರುವುದು ರಿಪೋರ್ಟ್ ವ್ಯೂ. ಅದರಲ್ಲಿ ಪ್ರಿಂಟ್ ಈವೆಂಟ್ ನಡೆಯುವುದೇ ಇಲ್ಲ, ಲೇಔಟ್ ವ್ಯೂನಲ್ಲೂ ಇಲ್ಲ. ಪ್ರಿಂಟ್ ಪ್ರಿವ್ಯೂಗೆ ಹೋಗಿ, ಗೆರೆ ಕಾಣುತ್ತವೆ. ರಿಪೋರ್ಟ್ ಪ್ರಾಪರ್ಟಿಯಲ್ಲಿ ಡಿಫಾಲ್ಟ್ ವ್ಯೂ ಅನ್ನುವುದನ್ನು ಪ್ರಿಂಟ್ ಪ್ರಿವ್ಯೂ ಮಾಡಿಬಿಡಿ. ಆಗ ಕೌಂಟರ್‌ನಲ್ಲಿ ಬೇರೆ ಯಾರೇ ಡಬಲ್ ಕ್ಲಿಕ್ ಮಾಡಿದರೂ ಗೆರೆ ಸಮೇತ ತೆರೆಯುತ್ತದೆ.

ಫಾಂಟ್ ವಿಷಯ. ತುಂಗಾ ಹಳೆಯ ವಿಂಡೋಸ್‌ಗಳಲ್ಲಿ ಜೊತೆಗೇ ಬರುತ್ತಿತ್ತು. ವಿಂಡೋಸ್ 10ರಿಂದ ಅದು ಆಪ್ಷನಲ್ ಫೀಚರ್ ಆಗಿದೆ. ಇಲ್ಲದ ಕಂಪ್ಯೂಟರ್‌ನಲ್ಲಿ ವಿಂಡೋಸ್ ಬೇರೆ ಫಾಂಟ್ ಹಾಕಿ ತೋರಿಸುತ್ತದೆ, ಅಕ್ಷರದ ಅಗಲ ಬೇರೆ ಆಗುತ್ತದೆ, ನಿಮ್ಮ ಅಳತೆ ಎಲ್ಲ ಅಲ್ಲಿ ಕೆಡುತ್ತದೆ. ನಿಮಗೆ ತುಂಗಾನೇ ಬೇಕಾದರೆ ಆ ಕಂಪ್ಯೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಆಪ್ಷನಲ್ ಫೀಚರ್ಸ್, ಅಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ಇಂಟರ್ನೆಟ್ ಬೇಕು.

ನಾನು ಹೇಳುವುದಾದರೆ ನಿರ್ಮಲಾ ಯುಐಗೆ ಬದಲಾಯಿಸಿ. ವಿಂಡೋಸ್ 8ರಿಂದ ಈಚೆಗೆ ಎಲ್ಲದರಲ್ಲೂ ಇದೆ, ಹೊಸ ಕಂಪ್ಯೂಟರ್ ತಂದಾಗ ಮತ್ತೆ ಈ ಗೋಳು ಇರುವುದಿಲ್ಲ. ಬದಲಾಯಿಸಿದ ಮೇಲೆ ‘ಲಕ್ಷ್ಮೀ ರಾಷ್ಟ್ರ ಬೆಟ್ಟೆ’ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ತುಂಗಾಗೆ ಸರಿಹೋದ ಹೈಟ್ ಇದಕ್ಕೆ ಸರಿಹೋಗುತ್ತದೆ ಅಂತ ಇಲ್ಲ. ಅಂಕಿಯನ್ನು ಪರದೆ ನೋಡಿ ನಿಲ್ಲಿಸಬೇಡಿ, ಒಂದು ಹಾಳೆ ಪ್ರಿಂಟ್ ತೆಗೆದು ನೋಡಿ ನಿಲ್ಲಿಸಿ.

ಅಡಿಕೆ_ಲೆಕ್ಕ, ಸಾಗರ

ಗೆರೆ ಬಂತು ಮೇಡಂ! ಮೂರು ಸಾಲಿನ ಸಿಪ್ಪೆಗೋಟಿನ ಪಕ್ಕವೂ ಪೂರ್ತಿ ಇಳಿದಿದೆ. ನಿರ್ಮಲಾಗೆ ಬದಲಾಯಿಸಿದೆ, ಎರಡೂ ಕಂಪ್ಯೂಟರ್‌ನಲ್ಲಿ ಒಂದೇ ಥರ ಬರುತ್ತಿದೆ. ಒಂದೇ ಒಂದು ಕಡೆ ಇನ್ನೂ ತೊಡಕು. ಪಟ್ಟಿ ಎರಡನೇ ಪುಟಕ್ಕೆ ಹೋದರೆ ಮೊದಲ ಪುಟದ ಕೊನೆಯ ಸಾಲಿನ ಕೆಳಗೆ ಗೆರೆ ಇರುವುದಿಲ್ಲ.

ದಾವಣಗೆರೆ_ಡೇಟಾ

ಹೌದು, ಅಡ್ಡಗೆರೆ ಸಾಲಿನ ತಲೆಯಲ್ಲಿ ಇರುವುದರಿಂದ ಹಾಗಾಗುತ್ತದೆ. ಪೇಜ್ ಫೂಟರ್‌ನಲ್ಲಿ ಒಂದು ಗೆರೆ ಇಡಬಹುದು, ಆದರೆ ಅದು ಹಾಳೆಯ ಬುಡದಲ್ಲಿ ಬರುತ್ತದೆ, ಸಾಲಿಗೆ ಅಂಟಿಕೊಂಡು ಬರುವುದಿಲ್ಲ. ನಾನು ಆ ಜಾಗವನ್ನು ಬಿಟ್ಟು, ಪೇಜ್ ಫೂಟರ್‌ನಲ್ಲಿ ‘ಮುಂದಿನ ಪುಟ ನೋಡಿ’ ಅಂತ ಲೇಬಲ್ ಇಡುತ್ತೇನೆ, ಕೊನೆಯ ಪುಟದಲ್ಲಿ ಅದು ಕಾಣದ ಹಾಗೆ ಮಾಡುತ್ತೇನೆ. ಪೇಜ್ ಫೂಟರ್‌ನ ಆನ್ ಫಾರ್ಮ್ಯಾಟ್‌ನಲ್ಲಿ ಪೇಜ್ (ಈಗಿನ ಪುಟ), ಪೇಜಸ್ (ಒಟ್ಟು ಪುಟ) ಎರಡನ್ನೂ ಹೋಲಿಸಿ ಲೇಬಲ್‌ನ ವಿಸಿಬಲ್ ಬದಲಾಯಿಸಿದರೆ ಆಯಿತು. ಪೇಜಸ್‌ಗೆ ಬೆಲೆ ಬರಬೇಕಾದರೆ ರಿಪೋರ್ಟ್‌ನಲ್ಲಿ ಎಲ್ಲಾದರೂ ಒಂದು ಟೆಕ್ಸ್ಟ್ ಬಾಕ್ಸ್ ಅದನ್ನು ಬಳಸುತ್ತಿರಬೇಕು, ‘ಪುಟ 1 / 2’ ಅನ್ನುವ ಬಾಕ್ಸ್ ಇಟ್ಟರೆ ಸಾಕು. ಎರಡು ಪುಟದ ಪಟ್ಟಿ ತೆಗೆದುಕೊಂಡ ರೈತರು ಮೊದಲ ಹಾಳೆ ನೋಡಿ ಮೊತ್ತ ಎಲ್ಲಿ ಅಂತ ಹುಡುಕುವುದೂ ತಪ್ಪುತ್ತದೆ.